ಐದೇ ಜನ ಎಂದಿತ್ತು ಪರದೆ

ಆ ಮಧ್ಯಾಹ್ನ ಲ್ಯಾಪ್‌ಟಾಪನ್ನು ಜನರ ಕಡೆಗೆ ತಿರುಗಿಸಿದ್ದು ಯಾರು ಎಂದು ಖಚಿತವಾಗಿ ಹೇಳಲಾರೆ. ಬಹಳ ದಿನ ಅದು ನಾನೇ ಎಂದು ನಂಬಿಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಇದ್ದೆ. ಒಮ್ಮೆ ಅರಕಲಗೂಡಿನ ಮೇಡಂ ಇದನ್ನು ಕೇಳಿಸಿಕೊಂಡು, "ಸಾರ್, ನೀವು ಆಗ ಕಿಟಕಿ ಹತ್ರ ಸಿಗ್ನಲ್ ಹುಡುಕ್ತಾ ನಿಂತಿದ್ರಿ" ಎಂದು ನಕ್ಕರು. ಚನ್ನರಾಯಪಟ್ಟಣದ ನನ್ನ ಗೆಳೆಯನನ್ನು ಕೇಳಿದರೆ, "ಫೋನಲ್ಲಿ ಏಳ್ದೋನು ನಾನು ಕಣ್ಲಾ, ನೀನು ಬರೀ ಊ ಅಂದೆ" ಎನ್ನುತ್ತಾನೆ. ರೆಕಾರ್ಡಿಂಗ್ ಇದೆ. ಆದರೆ ಅದು ಶುರುವಾಗುವುದು ಈ ಗಲಾಟೆಯೆಲ್ಲ ಮುಗಿದ ಮೇಲೆ, ಅದರಲ್ಲಿ ಸ್ಲೈಡುಗಳು ಮತ್ತು ದನಿ ಬಿಟ್ಟರೆ ಯಾರ ಮುಖವೂ ಇಲ್ಲ.

ನಾನು ಹಾಸನದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನೆನಪನ್ನು ನಂಬಬೇಡಿ, ಅಳೆದು ನೋಡಿ ಎಂದು ಮಕ್ಕಳಿಗೆ ಹೇಳುವುದೇ ನನ್ನ ಕೆಲಸ. ಆದ್ದರಿಂದ ಈ ಕತೆಯಲ್ಲಿ ಯಾರು ಏನು ಮಾಡಿದರು ಎಂಬುದನ್ನು ಓದುವವರು ಸ್ವಲ್ಪ ಸಡಿಲ ಬಿಟ್ಟೇ ಓದಬೇಕು. ನಡೆದ ಕ್ರಮ ಮಾತ್ರ ಹೀಗೆಯೇ ಇತ್ತು ಎಂದುಕೊಂಡಿದ್ದೇನೆ.

ಅರಕಲಗೂಡಿನ ಮೇಡಂ ಅಲ್ಲಿನ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ನಮ್ಮ ಕಡೆ ಆಲೂಗೆಡ್ಡೆಗೆ ಬೀಳುವ ಅಂಗಮಾರಿ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ರೋಗಕ್ಕಿಂತ ಹೆಚ್ಚಾಗಿ ರೋಗದ ನೆನಪಿನ ಮೇಲೆ ಎನ್ನಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಬೆಳೆಗಾರರ ಮನೆಗಳಿಗೆ ಹೋಗಿ, ಯಾವ ವರ್ಷ ಅಂಗಮಾರಿ ಜೋರಾಗಿತ್ತು, ಯಾವ ಮಳೆಯಲ್ಲಿ ಎಲೆ ಕಪ್ಪಾಯಿತು ಎಂದು ಕೇಳಿ ಬರೆದುಕೊಳ್ಳುವುದು, ಆಮೇಲೆ ಮಳೆಮಾಪನದ ದಾಖಲೆಯೊಂದಿಗೆ ತಾಳೆ ನೋಡುವುದು. ಕೋಷ್ಟಕಗಳನ್ನು ಮಾಡಿಕೊಟ್ಟವನು ನಾನು. ಮಾಡುವಾಗಲೆಲ್ಲ, "ಮೇಡಂ, ನೆನಪು ಅನ್ನೋದು ದತ್ತಾಂಶ ಅಲ್ಲ" ಎಂದು ಗೊಣಗುತ್ತಿದ್ದೆ. ಅವರು, "ಅದಕ್ಕೇ ಅಲ್ವಾ ಸಾರ್ ನಿಮ್ಮ ಹತ್ರ ಬಂದಿರೋದು" ಎಂದು ಇನ್ನೊಂದು ಕಟ್ಟು ಹಾಳೆ ಮುಂದಿಡುತ್ತಿದ್ದರು.

ಅವರ ಪ್ರಬಂಧದ ಅವಧಿ ಎರಡು ಸಲ ವಿಸ್ತರಣೆಯಾಗಿ ಕೊನೆಯ ತಿಂಗಳುಗಳಿಗೆ ಬಂದಿತ್ತು. ಪ್ರಬಂಧ ಸಲ್ಲಿಸಬೇಕಾದರೆ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ನೇರವಾಗಿ ಮಂಡಿಸಿ, ಪ್ರಶ್ನೆಗೆ ಉತ್ತರಿಸಿದ್ದಕ್ಕೆ ಪ್ರಮಾಣಪತ್ರ ಬೇಕು. ಮೊದಲೇ ಚಿತ್ರೀಕರಿಸಿ ಕಳಿಸಿದ ವಿಡಿಯೋ ನಡೆಯುವುದಿಲ್ಲ. ಪತ್ರ ಇಲ್ಲದಿದ್ದರೆ ನೋಂದಣಿ ರದ್ದು, ವರ್ಷಗಟ್ಟಲೆ ಬಸ್ಸು ಹತ್ತಿಳಿದ ಕೆಲಸವೆಲ್ಲ ಅಟ್ಟಕ್ಕೆ.

ಆ ಹೊತ್ತಿಗೆ ಉತ್ತರ ಯುರೋಪಿನ ಒಂದು ವಿಶ್ವವಿದ್ಯಾಲಯ ಆಲೂಗೆಡ್ಡೆ ಬೆಳೆಯುವ ಊರುಗಳ ಬಗ್ಗೆ ಆನ್‌ಲೈನ್ ಸಮ್ಮೇಳನ ಮಾಡುವುದಾಗಿ ಪ್ರಕಟಿಸಿತು. ನಮ್ಮ ಕಾಲೇಜು ಜೊತೆ ಸೇರಿತು, ನಾನು ಈ ಕಡೆಯ ಸಂಚಾಲಕನಾದೆ. ಮೇಡಂ ಅವರಿಗೆ ಒಂದು ಇಡೀ ಗೋಷ್ಠಿಯೇ ಸಿಕ್ಕಿತು: ಮೊದಲು ಅವರ ಪ್ರಬಂಧ, ಆಮೇಲೆ ಬೆಳೆಗಾರರೊಂದಿಗೆ ಚರ್ಚೆ. ಗೋಷ್ಠಿಯ ಅಧ್ಯಕ್ಷೆ ಆ ಕಡೆಯ ಪ್ರಾಧ್ಯಾಪಕಿ. ಚುರುಕಾದ ಹೆಂಗಸು, ಮೇಲ್‌ಗೆ ಒಂದೇ ಸಾಲಿನ ಉತ್ತರ ಬರೆಯುವವರು.

ಸಮ್ಮೇಳನದ ನಿಯಮಗಳಲ್ಲಿ ಒಂದು ಸಾಲಿತ್ತು. ಒಂದೇ ಹೊತ್ತಿಗೆ ಹಲವು ಗೋಷ್ಠಿಗಳು ನಡೆಯುವುದರಿಂದ, ಹತ್ತು ಜನಕ್ಕಿಂತ ಕಡಿಮೆ ಸೇರಿದ ಗೋಷ್ಠಿಯನ್ನು ಅಧ್ಯಕ್ಷರು ಮುಚ್ಚಬಹುದು, ಅದರ ಭಾಷಣಕಾರರು ವಿಡಿಯೋ ಕಳಿಸಬಹುದು. ನಾನು ಅದನ್ನು ಓದಿ ಮುಂದೆ ಹೋದೆ. ಜನ ಸೇರಿಸುವುದರಲ್ಲಿ ನಮಗೇನು ಕಷ್ಟ?

ಕಷ್ಟವಾಗಲೂ ಇಲ್ಲ. ಮೇಡಂ ತಾವು ಮಾತಾಡಿಸಿದ್ದ ಬೆಳೆಗಾರರಿಗೆಲ್ಲ ಫೋನ್ ಮಾಡಿ, "ನೀವು ಹೇಳಿದ್ದನ್ನೇ ಅವರಿಗೆ ಹೇಳ್ತೀನಿ, ಸರಿಯಾಗಿ ಹೇಳ್ತೀನೋ ಇಲ್ವೋ ಬಂದು ನೋಡಿ" ಎಂದಿದ್ದರು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಫೋನಿನಲ್ಲಿ ಗೋಷ್ಠಿ ನೋಡುವುದು ಎಂಬ ಯೋಚನೆಯೇ ನಮ್ಮ ಯಾರ ತಲೆಗೂ ಬರಲಿಲ್ಲ. ಸಭೆ ಅಂದಮೇಲೆ ಸೇರಬೇಕಲ್ಲ. ನಾಲ್ಕೂ ಊರುಗಳಲ್ಲಿ ಒಂದೊಂದು ಸಭಾಂಗಣ, ಒಂದೊಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಒಂದು ಧ್ವನಿವರ್ಧಕ ಎಂದು ಯೋಜನೆ ಹಾಕಿದೆ. ಹಾಸನದಲ್ಲಿ ಸಹೋದ್ಯೋಗಿ, ಚನ್ನರಾಯಪಟ್ಟಣದಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯ, ಹೊಳೆನರಸೀಪುರದಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಅರಕಲಗೂಡಿಗೆ ನಾನೇ ಹೋಗುವುದು.

ಹಿಂದಿನ ವಾರ ಎರಡು ಸಲ ಪರೀಕ್ಷೆ ಮಾಡಿದೆವು. ಅರಕಲಗೂಡಿನ ಲೈನು ಎಳೆದಾಡುತ್ತಿತ್ತು, ಆದ್ದರಿಂದ ಮೂರು ಸೂಚನೆ ಕೊಟ್ಟೆ. ಭಾಷಣಕಾರರನ್ನು ಬಿಟ್ಟು ಉಳಿದ ಕೇಂದ್ರಗಳ ಕ್ಯಾಮೆರಾ ಆಫ್. ಮೈಕ್ ಆಫ್. ಲಾಗಿನ್ ಆಗುವಾಗ ವ್ಯಕ್ತಿಯ ಹೆಸರು ಬೇಡ, ಊರಿನ ಹೆಸರು ಹಾಕಿ, ಯಾವ ಕೇಂದ್ರ ಕೈಕೊಟ್ಟಿತು ಎಂದು ನನಗೆ ತಿಳಿಯಬೇಕು. ಬಹಳ ಅಚ್ಚುಕಟ್ಟಾದ ಸೂಚನೆಗಳು. ಮುಂದಿನ ತೊಂದರೆಗಳೆಲ್ಲ ಈ ಮೂರರಿಂದಲೇ ಹುಟ್ಟಿದವು.

ಆ ದಿನ ಅರಕಲಗೂಡಿನ ಸಭಾಂಗಣ ಊಟದ ಹೊತ್ತು ಮುಗಿಯುತ್ತಿದ್ದಂತೆ ತುಂಬಿತು. ಗೆಡ್ಡೆ ಕಿತ್ತು ಮುಗಿದಿದ್ದ ಕಾಲ, ಜನಕ್ಕೆ ಪುರುಸೊತ್ತಿತ್ತು. ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ, ಮದುವೆಗೆ ಬಂದಂತೆ ಬಂದಿದ್ದರು. ಮೇಡಂ ಮುಂದಿನ ಮೇಜಿನ ಹಿಂದೆ ಕೂತಿದ್ದರು. ಲ್ಯಾಪ್‌ಟಾಪಿನ ಕ್ಯಾಮೆರಾ ಅವರ ಮುಖಕ್ಕೆ, ಅವರ ಹಿಂದೆ ಹಸಿರು ಬಣ್ಣದ ಗೋಡೆ. ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದರು.

ಅಧ್ಯಕ್ಷೆ ಪರದೆಗೆ ಬಂದರು. ಮನೆಯಿಂದಲೇ ಮಾತಾಡುತ್ತಿದ್ದರು, ಅವರಿಗೆ ಅದು ಬೆಳಗಿನ ಹೊತ್ತು. ನಗುತ್ತ ನಮಸ್ಕಾರ ಹೇಳಿ, ಸ್ವಲ್ಪ ಕಾಯೋಣ ಎಂದರು. ಕಾದೆವು. ಮತ್ತೆ ಸ್ವಲ್ಪ ಕಾಯೋಣ ಎಂದರು. ಆಮೇಲೆ ಮೃದುವಾಗಿ, ಬೇಜಾರು ಮಾಡಿಕೊಳ್ಳಬೇಡಿ, ಯಾರೂ ಬಂದ ಹಾಗಿಲ್ಲ, ನಾನೂ ಸೇರಿ ಐದೇ ಜನ ಇದ್ದೇವೆ, ನೀವು ವಿಡಿಯೋ ಕಳಿಸಿಬಿಡಿ, ಗೋಷ್ಠಿ ಮುಚ್ಚುತ್ತೇನೆ ಎಂದರು.

ಮೇಡಂ ನನ್ನ ಕಡೆ ನೋಡಿದರು. ಆ ನೋಟದ ಬಗ್ಗೆ ನನ್ನ ನೆನಪನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ.

ಮುಂದಿನ ಸಾಲಿನವರೊಬ್ಬರು ಕೇಳಿದರು. "ಏನಂತೆ ಸಾ?"

"ಜನ ಬಂದಿಲ್ಲ ಅಂತಿದ್ದಾರೆ."

"ಬಂದಿಲ್ವಂತಾ? ಅಂಗಾರೆ ನಾವ್ಯಾರು, ದೆವ್ವಗಳಾ?"

"ನೀನು ಅಂಗೇ ಕಾಣ್ತೀಯ ಬುಡು" ಎಂದಿತು ಹಿಂದಿನಿಂದ ಒಂದು ದನಿ.

ನಾನು ಅಧ್ಯಕ್ಷೆಗೆ, ಇಲ್ಲ, ತುಂಬ ಜನ ಇದ್ದಾರೆ, ದಯವಿಟ್ಟು ನಿಲ್ಲಿ ಎಂದೆ. ಅವರು ಕಣ್ಣು ಕಿರಿದು ಮಾಡಿ ತಮ್ಮ ಪರದೆಯ ಅಂಚಿನ ಹೆಸರುಗಳನ್ನು ನೋಡಿದರು: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ನಾಲ್ಕೂ ಯಾವುದೋ ಜನರ ಹೆಸರು ಎಂದುಕೊಂಡಿರಬೇಕು. ಮೂರು ಕಪ್ಪು ಚೌಕ, ಒಂದರಲ್ಲಿ ಹೆದರಿದ ಮುಖ.

ಗೆಳೆಯನಿಗೆ ಫೋನ್ ಮಾಡಿದೆ.

"ಲೇ, ಇಲ್ಲಿ ಕುರ್ಚಿ ಸಾಲ್ದೆ ಪಕ್ಕದ್ ಕ್ಲಾಸಿಂದ ಬೆಂಚು ಒತ್ಕೊಂಡ್ ಬತ್ತಾವ್ರೆ. ಐದು ಜನ ಅಂತೀಯಲ್ಲೋ, ನಿಂಗೇನ್ ಬಂದೈತೆ?"

"ಲಾಗಿನ್ ಐದು ಕಣೋ. ಎಲ್ಲರ ಕೈಲೂ ಫೋನ್ ಇದ್ಯಲ್ಲ, ಲಿಂಕ್ ಕಳಿಸು, ಅವರವರ ಫೋನಿಂದ ಒಳಗೆ ಬರಲಿ."

ಇದು ನನ್ನದೇ ಉಪಾಯ. ಇದರ ಮೇಲೆ ಬೇರೆ ಯಾರೂ ಹಕ್ಕು ಸಾಧಿಸಿಲ್ಲ. ಅರಕಲಗೂಡಿನಲ್ಲೂ ಹಾಸನದಲ್ಲೂ ಹಾಗೆಯೇ ಮಾಡಿಸಿದೆ. ಹೊಳೆನರಸೀಪುರದ ಮೇಷ್ಟ್ರಿಗೆ ಮಾತ್ರ ಫೋನ್ ಹೋಗಲಿಲ್ಲ. ಸಭೆಯ ಶಿಸ್ತು ಎಂದು ಬಾಗಿಲಲ್ಲೇ ಎಲ್ಲರ ಫೋನೂ ಸ್ವಿಚ್ ಆಫ್ ಮಾಡಿಸಿ, ತಮ್ಮದನ್ನೂ ಮಾಡಿಕೊಂಡಿದ್ದರು.

ಜನ ಒಳಗೆ ಬರತೊಡಗಿದರು. ಮಂಜಣ್ಣ ಬೋರ್‌ವೆಲ್, ಪಾಪು ಮೊಬೈಲ್, ಜೈ ಆಂಜನೇಯ, ಹೆಸರೇ ಇಲ್ಲದ ಒಂದು ಗುಲಾಬಿ ಹೂವು, ಇನ್ನೊಂದು ಗುಲಾಬಿ ಹೂವು. ಪ್ರತಿಯೊಬ್ಬರ ಮೈಕೂ ತೆರೆದೇ ಇತ್ತು. ಧ್ವನಿವರ್ಧಕದ ಸದ್ದು ಫೋನಿಗೆ ಹೋಗಿ, ಫೋನಿನ ಸದ್ದು ಧ್ವನಿವರ್ಧಕಕ್ಕೆ ಬಂದು, ಮೂರು ಊರುಗಳ ಸಭಾಂಗಣಗಳು ಒಟ್ಟಿಗೆ ಕಿರುಚಿಕೊಂಡವು. ಕಿವಿ ಮುಚ್ಚಿಕೊಂಡು ಜನ ನಗುತ್ತಿದ್ದರು. ಆ ಗದ್ದಲದ ನಡುವೆ ಯಾರೋ ಗಟ್ಟಿಯಾಗಿ, "ನಾನ್ ಕಾಣ್ತಾ ಇವ್ನಾ ನೋಡು, ನಾನ್ ಕಾಣ್ತಾ ಇವ್ನಾ?" ಎನ್ನುತ್ತಿದ್ದರು. ಅಧ್ಯಕ್ಷೆಯ ಮುಖದಲ್ಲಿ ಗಾಬರಿ ಕಂಡಿತು. ಆಮೇಲೆ ಏನೂ ಕಾಣಲಿಲ್ಲ.

ಆನ್‌ಲೈನ್ ಸಭೆಗಳಿಗೆ ಪುಂಡರು ನುಗ್ಗಿ ಕೆಡಿಸುವುದುಂಟು. ಅಧ್ಯಕ್ಷೆ ಹಾಗೆಂದುಕೊಂಡು ಎಲ್ಲರನ್ನೂ ಹೊರಗಿನ ಕೊಠಡಿಗೆ ತಳ್ಳಿ ಬೀಗ ಹಾಕಿದ್ದರು. 'ಅರಕಲಗೂಡು' ಎಂಬ ಹೆಸರಿನಲ್ಲಿದ್ದ ಭಾಷಣಕಾರ್ತಿಯನ್ನೂ ಸೇರಿಸಿ. ಪರದೆಯ ಮೇಲೆ, ನಿಮ್ಮನ್ನು ಒಳಗೆ ಬಿಡುವವರೆಗೆ ಕಾಯಿರಿ ಎಂಬ ಒಂದು ಸಾಲು ಮಾತ್ರ ಉಳಿಯಿತು.

"ಆಯ್ತಲ್ಲ ಸಾರ್" ಎಂದರು ಮೇಡಂ, ಸಿಟ್ಟಿಲ್ಲದೆ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ನಾನು ಎಲ್ಲರ ಫೋನೂ ಆಫ್ ಮಾಡಿಸಿದೆ. ಆಮೇಲೆ ಅಧ್ಯಕ್ಷೆಗೆ ಅವರ ಶೈಲಿಯಲ್ಲೇ ಪುಟ್ಟ ಮೇಲ್ ಬರೆದೆ: ಯಾರೂ ನುಗ್ಗಿಲ್ಲ, ಬಂದವರೆಲ್ಲ ನಮ್ಮ ಬೆಳೆಗಾರರು. ನಾಲ್ಕು ಹೆಸರುಗಳು ನಾಲ್ಕು ಊರುಗಳು. ಆ ನಾಲ್ಕನ್ನು ಮಾತ್ರ ಒಳಗೆ ಬಿಡಿ. ಕಳಿಸಿ, ಸಿಗ್ನಲ್‌ಗಾಗಿ ಫೋನು ಹಿಡಿದು ಕಿಟಕಿಗೆ ಹೋದೆ. ಮೇಡಂ ಹೇಳುವುದು ನಿಜವಿದ್ದರೆ ಅಲ್ಲಿಂದ ಕದಲಲೇ ಇಲ್ಲ.

ಕಾದದ್ದು ಎಷ್ಟು ಹೊತ್ತೋ. ನಾನು ಯುಗವೆಂದರೆ ಗೆಳೆಯ ಅರ್ಧ ಲೋಟ ಕಾಫಿ ಎನ್ನುತ್ತಾನೆ.

ಅಧ್ಯಕ್ಷೆ ಮೊದಲು ಒಳಗೆ ಬಿಟ್ಟದ್ದು ಹೊಳೆನರಸೀಪುರವನ್ನು, ಆಮೇಲೆ ನಮ್ಮನ್ನು. ನಮ್ಮ ಪರದೆ ತೆರೆದುಕೊಂಡಾಗ ಅಲ್ಲಿ ಕಂಡದ್ದು ಅಧ್ಯಕ್ಷೆಯ ಮುಖ ಮತ್ತು ಅದರ ಪಕ್ಕದಲ್ಲಿ ಹೊಳೆನರಸೀಪುರದ ಇಡೀ ಸಭಾಂಗಣ. ಸಾಲು ಸಾಲಾಗಿ ಜನ ಎದ್ದು ನಿಂತು ಕೈ ಮುಗಿದಿದ್ದರು. ಮುಂದೆ ಮೇಷ್ಟ್ರು, ಶಾಲು ಹೊದ್ದು. ಆಮೇಲೆ ಅವರನ್ನು ವಿಚಾರಿಸಿದೆ. ನನ್ನ ಸೂಚನೆಯಂತೆ ಕ್ಯಾಮೆರಾ ಆಫ್ ಮಾಡಿಯೇ ಕೂತಿದ್ದರಂತೆ. "ಆದರೆ ಅತಿಥಿ ಬಂದು ಒಬ್ಬರೇ ಕಾಯ್ತಾ ಇರೋವಾಗ ನಾವು ಮುಸುಕು ಹಾಕ್ಕೊಂಡು ಕೂತಿರೋದು ಮರ್ಯಾದೆ ಅಲ್ಲಪ್ಪ. ಎದ್ದು ಮುಖ ತೋರಿಸಿ ನಮಸ್ಕಾರ ಮಾಡೋಣ ಅಂತ ಎಲ್ಲರಿಗೂ ಹೇಳಿದೆ." ತಾಂತ್ರಿಕ ಕಾರಣಗಳಾವುವೂ ಅವರಿಗೆ ಬೇಕಾಗಿರಲಿಲ್ಲ.

ಅಧ್ಯಕ್ಷೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅಲ್ಲಿಂದ ಮುಂದಿನ ಒಂದೆರಡು ನಿಮಿಷವೇ ಈಗ ವಿವಾದದಲ್ಲಿರುವುದು. ನಮ್ಮ ಲ್ಯಾಪ್‌ಟಾಪೂ ಜನರ ಕಡೆಗೆ ತಿರುಗಿತು. ಹಾಗೆ ತಿರುಗಿದರೆ ಮೇಡಂ ಮುಖ ಕಾಣುವುದಿಲ್ಲ, ಭಾಷಣಕಾರರ ಮುಖ ಕಾಣಲೇಬೇಕು ಎಂಬುದು ನಿಯಮ. ಮೇಡಂ ಎದ್ದು ಹೋಗಿ ಎರಡನೆಯ ಸಾಲಿನಲ್ಲಿ ಬೆಳೆಗಾರರ ನಡುವೆ ಕೂತರು. ಯಾರೋ ಸರಿದು ಜಾಗ ಕೊಟ್ಟರು, ಮೈಕಿನ ತಂತಿ ಕೈಯಿಂದ ಕೈಗೆ ದಾಟಿಬಂತು. ಹಾಸನ, ಚನ್ನರಾಯಪಟ್ಟಣಗಳ ಕಪ್ಪು ಚೌಕಗಳೂ ತೆರೆದವು. ಒಂದರಲ್ಲಿ ಬೆಂಚುಗಳು ಗೋಡೆಗೆ ತಾಗಿ ನಿಂತಿದ್ದವು, ಕಿಟಕಿಯ ಹೊರಗೂ ತಲೆಗಳಿದ್ದವು.

ಲೈನು ಇದನ್ನೆಲ್ಲ ತಡೆಯಲಾರದೆ ಸ್ಲೈಡುಗಳು ಹೋಗಲಿಲ್ಲ. ಪುಣ್ಯಕ್ಕೆ ಅವುಗಳ ಪ್ರತಿಯನ್ನು ಮೊದಲೇ ಮೇಲ್ ಮಾಡಿದ್ದೆವು. ನಾನೇ ಹಾಕುತ್ತೇನೆ, ನೀವು ಹೇಳಿದಾಗ ಮುಂದಿನದಕ್ಕೆ ಹೋಗುತ್ತೇನೆ ಎಂದು ಅಧ್ಯಕ್ಷೆ ರೆಕಾರ್ಡಿಂಗ್ ಗುಂಡಿ ಒತ್ತಿದರು.

ಮೇಡಂ ಇಂಗ್ಲಿಷಿನಲ್ಲಿ ಹೇಳಿ, ಪ್ರತಿ ಸ್ಲೈಡಿನ ಕೊನೆಗೆ ಅಕ್ಕಪಕ್ಕದವರಿಗೆ ಕನ್ನಡದಲ್ಲಿ ಎರಡು ಮಾತು ಸೇರಿಸಿ, "ನೆಕ್ಸ್ಟ್" ಎನ್ನುತ್ತಿದ್ದರು. ನಾಲ್ಕನೆಯದೋ ಐದನೆಯದೋ ಸ್ಲೈಡಿನ ಹೊತ್ತಿಗೆ ಇಡೀ ಸಭೆ ಅವರ ಜೊತೆ "ನೆಕ್ಸ್ಟ್" ಎನ್ನತೊಡಗಿತು. ರೆಕಾರ್ಡಿಂಗಿನಲ್ಲಿ ಇದು ಚೆನ್ನಾಗಿ ಕೇಳುತ್ತದೆ.

ಪ್ರಶ್ನೆ ಶುರುವಾಯಿತು. ಅಧ್ಯಕ್ಷೆ ಕೇಳಿದ್ದು ನಾನು ವರ್ಷಗಟ್ಟಲೆ ಗೊಣಗಿದ್ದ ಪ್ರಶ್ನೆಯನ್ನೇ: ಇವರ ನೆನಪನ್ನು ಏಕೆ ನಂಬಬೇಕು?

ನಂಬಬೇಕಾಗಿಲ್ಲ, ನಾನೂ ನಂಬಲಿಲ್ಲ ಎಂದರು ಮೇಡಂ. ಇವರು ವರ್ಷವನ್ನು ಮದುವೆಗೆ, ಮನೆ ಕಟ್ಟಿದ್ದಕ್ಕೆ ಗಂಟುಹಾಕಿ ಹೇಳುತ್ತಾರೆ, ಆದ್ದರಿಂದ ಹಿಂದೆಮುಂದೆ ಮಾಡುತ್ತಾರೆ. ಆದರೆ ಪುನರ್ವಸು ಮಳೆಯಲ್ಲೋ ಪುಷ್ಯದಲ್ಲೋ ಎಂದು ಕೇಳಿದರೆ ತಪ್ಪುವುದು ಕಡಿಮೆ. ಎರಡನ್ನೂ ಬೇರೆ ಬೇರೆ ತಾಳೆ ನೋಡಿದ್ದೇನೆ. ತಪ್ಪಿದ್ದೆಲ್ಲ ಕೋಷ್ಟಕದಲ್ಲಿದೆ. ತಪ್ಪುಗಳನ್ನು ತೆಗೆದುಹಾಕಿದ್ದರೆ ಈ ಪ್ರಬಂಧ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಇದನ್ನು ಕನ್ನಡದಲ್ಲಿ ಹೇಳಿದ ಕೂಡಲೆ ಪಕ್ಕದಲ್ಲಿದ್ದವರು ತಿರುಗಿಬಿದ್ದರು. "ನಾವ್ ಯಾವಾಗ್ ತಪ್ ಏಳಿದ್ವಿ ಮೇಡಂ?"

"ನಿಮ್ಮ ಮಗಳ ಮದುವೆ ವರ್ಷಾನೇ ತಪ್ಪು ಹೇಳಿದ್ರಿ. ಒಳಗಿಂದ ನಿಮ್ಮನೆಯವರು ಬಂದು ಸರಿ ಮಾಡಿದ್ರು."

ನಗು ಅಲೆಯಾಗಿ ಹೋಯಿತು. ಅನುವಾದವಾದ ಮೇಲೆ ಅಧ್ಯಕ್ಷೆಯೂ ನಕ್ಕರು.

ಆಗ ಚನ್ನರಾಯಪಟ್ಟಣದ ಚೌಕದಲ್ಲಿ ದಂಡಿಗನಹಳ್ಳಿ ಕಡೆಯ ಒಬ್ಬ ಅಜ್ಜಿ ಮೈಕನ್ನು ಮೂಗಿನ ಹತ್ತಿರ ಹಿಡಿದರು. "ಅವ್ವಾ, ನಮ್ ಗೆಡ್ಡೆ ಇಸ್ಯ ಎಲ್ಲಾ ಕೇಳ್ದೆ. ನಿಮ್ಮೂರ್ ಗೆಡ್ಡೆ ಎಂಗಿರ್ತವೆ, ಒಸಿ ತೋರ್ಸು ನೋಡಾನ."

ಮೇಡಂ ಅನುವಾದಿಸಿದರು. ಅಧ್ಯಕ್ಷೆ ತಟ್ಟನೆ ಎದ್ದು ಹೋದರು.

ಅವರ ಖಾಲಿ ಕುರ್ಚಿಯನ್ನು ನಾಲ್ಕು ಊರುಗಳು ನೋಡುತ್ತ ಕೂತವು. ಮೇಡಂ ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಗೋಷ್ಠಿ ಮುಗಿಯಿತು ಎಂದು ಅಧ್ಯಕ್ಷೆ ಇನ್ನೂ ಹೇಳಿರಲಿಲ್ಲ. ಹೇಳದೆ ಹೋದರೆ ಪ್ರಮಾಣಪತ್ರದ ಗತಿ ಏನು ಎಂದು ನಾನು ಲೆಕ್ಕ ಹಾಕುತ್ತಿದ್ದೆ. "ಅಜ್ಜಿ ಕೇಳಿದ್ದು ತಪ್ಪಾಯ್ತೇನೋ" ಎಂದರು ಒಬ್ಬರು. "ಗೆಡ್ಡೆ ಕೇಳಿದ್ರೆ ತಪ್ಪಾ? ಉಂಗ್ರ ಕೇಳಿದ್ರಾ?" ಎಂದರು ಇನ್ನೊಬ್ಬರು.

ಅಧ್ಯಕ್ಷೆ ಓಡಿಬಂದಂತೆ ವಾಪಸಾದರು, ಕೈಯಲ್ಲಿ ಒಂದು ಆಲೂಗೆಡ್ಡೆ. ಅಡುಗೆಮನೆಯಿಂದ ತಂದದ್ದು. ಕ್ಯಾಮೆರಾದ ತೀರ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿದರು. ಅದು ಉದ್ದಕ್ಕಿತ್ತು ಎಂದು ನನ್ನ ನೆನಪು, ಗುಂಡಗಿತ್ತು ಎಂದು ಗೆಳೆಯನದು. ಮೊಳಕೆ ಒಡೆದಿತ್ತು ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ.

"ಅಯ್ಯೋ, ಕಣ್ ಬಂದ್ಬುಟ್ಟೈತೆ ಕಣವ್ವಾ!" ಎಂದರು ಅಜ್ಜಿ. "ಬೇಯ್ಸ್‌ಬುಟ್ಟೀಯ, ಬ್ಯಾಡ. ಮಣ್ಗಾಕು."

ಮೇಡಂ ಇದನ್ನೂ ಚಾಚೂ ತಪ್ಪದೆ ಅನುವಾದಿಸಿದರು. ಅಧ್ಯಕ್ಷೆ ಗೆಡ್ಡೆಯನ್ನೊಮ್ಮೆ ಪರದೆಯನ್ನೊಮ್ಮೆ ನೋಡಿ ತಲೆಯಾಡಿಸಿದರು. ಆಮೇಲೆ, ಪ್ರಬಂಧ ಮಂಡನೆಯಾಯಿತು, ಪ್ರಶ್ನೋತ್ತರ ನಡೆಯಿತು, ಗೋಷ್ಠಿ ಮುಗಿಯಿತು ಎಂದು ಸ್ಪಷ್ಟವಾಗಿ ಹೇಳಿದರು. ಹೊಳೆನರಸೀಪುರದಲ್ಲಿ ಮತ್ತೆ ಎಲ್ಲರೂ ಎದ್ದು ನಿಂತರು. ಮೇಷ್ಟ್ರು ವಂದನಾರ್ಪಣೆ ಶುರುಮಾಡಿದರು. ಮೈಕ್ ಆನ್ ಮಾಡುವುದು ಅವರಿಗೆ ನೆನಪಾಗಲಿಲ್ಲ, ನಾವು ಯಾರೂ ಹೇಳಲೂ ಇಲ್ಲ.

ಮೇಡಂ ಅವರಿಗೆ ಪ್ರಮಾಣಪತ್ರ ವಾರದೊಳಗೆ ಬಂತು.

ಎರಡು ತಿಂಗಳಾದ ಮೇಲೆ ವಿಶ್ವವಿದ್ಯಾಲಯದಲ್ಲಿ ಅವರ ಕಲೋಕ್ವಿಯಂ ನಡೆಯಿತು, ಪ್ರಬಂಧ ಸಲ್ಲಿಸುವ ಮುನ್ನ ವಿಭಾಗದವರೆಲ್ಲರ ಎದುರು ಮಂಡಿಸಬೇಕಾದ ಸಭೆ ಅದು. ಅಧ್ಯಕ್ಷೆಯನ್ನು ಮೇಡಂ ಆನ್‌ಲೈನಿನಲ್ಲಿ ಕೇಳಲು ಆಹ್ವಾನಿಸಿದ್ದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಗೋಡೆಯ ಪರದೆಯ ಮೂಲೆಯಲ್ಲಿ ಅಧ್ಯಕ್ಷೆಯ ಪುಟ್ಟ ಚೌಕ. ವಿಭಾಗದ ಮುಖ್ಯಸ್ಥರು, ಸಲ್ಲಿಸಬಹುದು ಎಂದು ಘೋಷಿಸಿದಾಗ ಆಕೆ ಚಪ್ಪಾಳೆ ತಟ್ಟಲು ಸ್ವಲ್ಪ ಪಕ್ಕಕ್ಕೆ ಬಾಗಿದರು. ಅವರ ಹಿಂದಿನ ಕಿಟಕಿಯ ದಂಡೆಯ ಮೇಲೆ ಒಂದು ಕುಂಡ ಕಂಡಿತು. ಬಿಸಿಲು ಸಾಲದೆ ಉದ್ದಕ್ಕೆ ಬೆಳೆದು ಗಾಜಿಗೆ ಒರಗಿದ ಒಂದು ಗಿಡ. ಎಲೆ ನನಗೆ ಗೊತ್ತಿದ್ದ ಎಲೆಯ ಹಾಗಿತ್ತು. ಅಷ್ಟರಲ್ಲಿ ಚೌಕ ಮಾಯವಾಯಿತು.

ಬಸ್ಸಿನಲ್ಲಿ ವಾಪಸ್ ಬರುವಾಗ ಮೇಡಂ ಅವರನ್ನು ಕೇಳಿದೆ. "ಗಿಡಾನಾ? ನಾನು ಎಚ್.ಓ.ಡಿ. ಮುಖ ನೋಡ್ತಾ ಇದ್ದೆ ಸಾರ್" ಎಂದರು. ಶ್ರವಣಬೆಳಗೊಳದ ಬೆಟ್ಟ ದೂರದಲ್ಲಿ ಕಾಣುವ ಹೊತ್ತಿಗೆ ನನಗೇ ಅನುಮಾನ ಶುರುವಾಗಿತ್ತು. ಕಾಣಬೇಕು ಎಂದುಕೊಂಡದ್ದೇ ಕಂಡಿರಬಹುದು, ನಾನು ಮಕ್ಕಳಿಗೆ ಹೇಳುವ ಮಾತೇ ಅದು. ಲ್ಯಾಪ್‌ಟಾಪಿನ ವಿಷಯದಲ್ಲಿ ಆಗಿದ್ದು ಸಾಕು ಎನಿಸಿ, ಮನೆಗೆ ಬಂದವನೇ ಅಧ್ಯಕ್ಷೆಗೆ ಮೇಲ್ ಬರೆದೆ. ಕಿಟಕಿಯಲ್ಲಿದ್ದದ್ದು ಯಾವ ಗಿಡ ಎಂದಷ್ಟೇ ಕೇಳಿದ್ದೆ.

ಎಂದಿನಂತೆ ಒಂದೇ ಸಾಲು ಉತ್ತರ ಬಂತು. ಅಂದು ತೋರಿಸಿದ ಗೆಡ್ಡೆಯದೇ ಗಿಡ, ಇದುವರೆಗೆ ಅಂಗಮಾರಿ ಬಂದಿಲ್ಲ, ಅಜ್ಜಿಗೆ ತಿಳಿಸಿ.